ಗಣಿಯ ದೊಡ್ಡ ಡ್ರಿಲ್: ಕೊಡಗಿನವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಟ್ಟಿ ಬೆಳೆದದ್ದು ಸೋಮವಾರಪೇಟೆ ಹತ್ತಿರ. ಹೊಟ್ಟೆಪಾಡಿಗೆ ಹೋದದ್ದು ಸಂಡೂರಿನ ಕಡೆ, ಕಬ್ಬಿಣದ ಅದಿರಿನ ಗಣಿಗಳಿಗೆ. ಡ್ರಿಲ್ ಹೆಲ್ಪರ್ ಆಗಿ ಸೇರಿದೆ, ಆಪರೇಟರ್ ಆದೆ, ಆಮೇಲೆ ಫೋರ್‌ಮನ್ ಆದೆ. ಈಗ ಊರಿಗೆ ಬಂದು ಅಪ್ಪನ ಕಾಫಿ ತೋಟ ನೋಡಿಕೊಳ್ಳುತ್ತಿದ್ದೇನೆ. ಆದರೂ ವಾರಕ್ಕೊಬ್ಬರಾದರೂ ಡ್ರಿಲ್ ವಿಷಯ ಕೇಳುತ್ತಾರೆ. ಡಿಪ್ಲೊಮಾ ಮುಗಿಸಿದ ಹುಡುಗರು, ಅವರ ಅಪ್ಪ ಅಮ್ಮ, ಪಕ್ಕದ ಗುಡ್ಡದಲ್ಲಿ ಕ್ವಾರಿ ಇರುವ ತೋಟದವರು. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ರೋಟರಿ ಬ್ಲಾಸ್ಟ್‌ಹೋಲ್ ಡ್ರಿಲ್ ಅಂದರೆ ಏನು? ಬೋರ್‌ವೆಲ್ ಲಾರಿ ತರಾನೇ ಅಲ್ವಾ?

ದೂರದಿಂದ ನೋಡಿದರೆ ಹಾಗೇ ಕಾಣುತ್ತದೆ. ಮಾಸ್ಟ್ ಅನ್ನುವ ಎತ್ತರದ ಕಂಬ, ಉದ್ದುದ್ದ ರಾಡು, ಕಂಪ್ರೆಸರ್ ಸದ್ದು, ಧೂಳು. ಆದರೆ ಕೆಲಸ ಬೇರೆ. ಬೋರ್‌ವೆಲ್‌ನವರು ನೀರಿಗಾಗಿ ಆರೂವರೆ ಇಂಚಿನ ಒಂದು ತೂತನ್ನು ನೂರಾರು ಅಡಿ ಇಳಿಸಿ ಮುಂದಿನ ಊರಿಗೆ ಹೋಗುತ್ತಾರೆ. ಗಣಿಯಲ್ಲಿ ನಾವು ಕೊರೆಯುವುದು ಸ್ಫೋಟಕ ತುಂಬುವುದಕ್ಕೆ. ತೂತಿನ ಅಗಲ 150 ಮಿಲಿಮೀಟರ್‌ನಿಂದ ಶುರುವಾಗಿ 400 ಮಿಲಿಮೀಟರ್‌ವರೆಗೂ ಹೋಗುತ್ತದೆ. ಆಳ ಮಾತ್ರ ಕಮ್ಮಿ, ಬಹಳ ಕಡೆ ಹತ್ತರಿಂದ ಹದಿನೇಳು ಮೀಟರ್ ಒಳಗೇ. ಆದರೆ ಒಂದು ತೂತು ಕೊರೆದು ಹೋಗುವ ಹಾಗಿಲ್ಲ. ಸಾಲು ಸಾಲಾಗಿ, ಅಳತೆ ತಪ್ಪದೆ ನಲವತ್ತು, ಐವತ್ತು ಕೊರೆಯಬೇಕು. ಒಂದು ತಪ್ಪಿದರೂ ಪಕ್ಕದವು ಕೆಡುತ್ತವೆ.

ಇನ್ನೊಂದು ವ್ಯತ್ಯಾಸ ಕೆಳಗಡೆ, ತುದಿಯಲ್ಲಿದೆ. ಬೋರ್‌ವೆಲ್ ರಿಗ್‌ನ ತುದಿಯಲ್ಲಿ ಗಾಳಿಯಿಂದ ಓಡುವ ಸುತ್ತಿಗೆ ಇರುತ್ತದೆ. ಟಕಟಕ ಅಂತ ಬಂಡೆಗೆ ಹೊಡೆಯುತ್ತದೆ. ಅದಕ್ಕೆ ಡಿಟಿಎಚ್ ಅನ್ನುತ್ತಾರೆ. ರೋಟರಿ ಡ್ರಿಲ್ ಹೊಡೆಯುವುದೇ ಇಲ್ಲ. ಒತ್ತುತ್ತದೆ, ತಿರುಗಿಸುತ್ತದೆ, ಅಷ್ಟೇ.

ಹೊಡೆಯದೆ ಬಂಡೆ ಹೇಗೆ ಒಡೆಯುತ್ತೆ?

ತೋಟದಲ್ಲಿ ಕಾಫಿ ಗುಂಡಿ ತೆಗೆಯುವ ಆಗರ್ ಮೆಷಿನ್ ನೋಡಿದ್ದೀರಲ್ಲ, ಅದು ಮಣ್ಣನ್ನು ಕೆರೆದು ಮೇಲೆ ತರುತ್ತದೆ. ಬಂಡೆಯಲ್ಲಿ ಆ ಆಟ ನಡೆಯುವುದಿಲ್ಲ. ಅಲ್ಲಿ ಬೇಕಾದದ್ದು ಟ್ರೈಕೋನ್ ಬಿಟ್, ಅಂದರೆ ರಾಡಿನ ತುದಿಗೆ ಹಾಕುವ ಕೊರೆಯುವ ತಲೆ. ನಾವು ಅದನ್ನು ಬಿಟ್ಟು ಅನ್ನುತ್ತೇವೆ. ಮೂರು ಉಕ್ಕಿನ ಕೋನ್‌ಗಳು ಒಂದಕ್ಕೊಂದು ಮುಖ ಮಾಡಿಕೊಂಡು ತಮ್ಮ ಬೇರಿಂಗ್ ಮೇಲೆ ತಾವೇ ಉರುಳುತ್ತವೆ. ಅವುಗಳ ಮೈ ತುಂಬ ಟಂಗ್‌ಸ್ಟನ್ ಕಾರ್ಬೈಡ್ ಗುಂಡಿಗಳು, ಹಲಸಿನ ಕಾಯಿಯ ಮುಳ್ಳಿನ ಹಾಗೆ. ಮೇಲಿನಿಂದ ಭಾರ ಹಾಕಿ ತಿರುಗಿಸಿದಾಗ ಒಂದೊಂದು ಗುಂಡಿಯೂ ಬಂಡೆಯಲ್ಲಿ ನೆಟ್ಟು ಅದನ್ನು ಪುಡಿ ಮಾಡುತ್ತದೆ. ಅಕ್ಕಪಕ್ಕದ ಕಲ್ಲು ಚಕ್ಕೆಯಾಗಿ ಎದ್ದು ಬರುತ್ತದೆ.

ಭಾರ ಅಂದರೆ ಸಣ್ಣ ಭಾರವಲ್ಲ. ಎಪಿರಾಕ್ ಕಂಪನಿಯ ಪಿಟ್ ವೈಪರ್ 271 ಅನ್ನುವ ಡ್ರಿಲ್ ಬಿಟ್ಟಿನ ಮೇಲೆ 34 ಟನ್‌ವರೆಗೂ ಒತ್ತಬಲ್ಲದು. ಲೋಡ್ ತುಂಬಿದ ಹತ್ತು ಚಕ್ರದ ಲಾರಿಗಿಂತ ಜಾಸ್ತಿ ಭಾರ, ಅದೂ ಒಂದು ಊಟದ ತಟ್ಟೆಯಷ್ಟು ಅಗಲದ ಜಾಗದ ಮೇಲೆ. ಅದಕ್ಕೇ ಮೆಷಿನ್ ಅಷ್ಟು ದೊಡ್ಡದು. ಭಾರ ಕಮ್ಮಿ ಇದ್ದರೆ ಒತ್ತುವಾಗ ಡ್ರಿಲ್ಲೇ ಮೇಲೆದ್ದುಬಿಡುತ್ತದೆ.

ಪುಡಿಯಾದ ಕಲ್ಲು ಹೊರಗೆ ಬರಬೇಕಲ್ಲ? ಆ ಕೆಲಸ ಗಾಳಿಯದ್ದು. ರಾಡಿನ ಒಳಗಿಂದ ಗಾಳಿ ಇಳಿದು, ಬಿಟ್ಟಿನ ಬೇರಿಂಗ್ ತಂಪು ಮಾಡಿ, ರಾಡು ಮತ್ತು ತೂತಿನ ಗೋಡೆಯ ಸಂದಿನಲ್ಲಿ ಪುಡಿಯನ್ನು ಹೊತ್ತು ಮೇಲೆ ಬರುತ್ತದೆ. ಆ ಸಂದಿನಲ್ಲಿ ಗಾಳಿ ಸೆಕೆಂಡಿಗೆ 25ರಿಂದ 35 ಮೀಟರ್ ವೇಗದಲ್ಲಿ ಓಡಬೇಕು. ಕಬ್ಬಿಣದ ಅದಿರು ಭಾರ, ಅದಕ್ಕೆ ಹೆಚ್ಚಿನ ವೇಗ ಬೇಕು. 250 ಮಿಲಿಮೀಟರ್ ತೂತಿಗೆ 194 ಮಿಲಿಮೀಟರ್ ರಾಡು ಹಾಕಿದರೆ ನಿಮಿಷಕ್ಕೆ ಸುಮಾರು 35 ಘನ ಮೀಟರ್ ಗಾಳಿ, ನಮ್ಮ ಭಾಷೆಯಲ್ಲಿ 1,200 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ) ಮೇಲೆ ಬೇಕಾಗುತ್ತದೆ. ಗಾಳಿ ಸಾಲದೆ ಹೋದರೆ ಬಿಟ್ಟು ಹಳೆಯ ಪುಡಿಯನ್ನೇ ಮತ್ತೆ ಮತ್ತೆ ಅರೆಯುತ್ತಾ ಕೂರುತ್ತದೆ. ಡೀಸೆಲ್ ಉರಿಯುತ್ತದೆ, ಆಳ ಇಳಿಯುವುದಿಲ್ಲ.

ಹಾಗಾದರೆ ಎಲ್ಲಾ ಕಡೆ ರೋಟರಿಯನ್ನೇ ಯಾಕೆ ಹಾಕಲ್ಲ?

ತೂತು ಸಣ್ಣದಾದರೆ ಬಿಟ್ಟು ಸಣ್ಣದು. ಬಿಟ್ಟು ಸಣ್ಣದಾದರೆ ಒಳಗಿನ ಬೇರಿಂಗ್ ಸಣ್ಣದು. ಆ ಬೇರಿಂಗ್ ಗಟ್ಟಿ ಬಂಡೆ ಒಡೆಯುವಷ್ಟು ಭಾರ ತಡೆಯುವುದಿಲ್ಲ. ಹಾಗಾಗಿ 150 ಮಿಲಿಮೀಟರ್‌ಗಿಂತ ಕೆಳಗೆ ಗಟ್ಟಿ ಕಲ್ಲಿನಲ್ಲಿ ಡಿಟಿಎಚ್ ಸುತ್ತಿಗೆಯೇ ಮೇಲು. ಇನ್ನೂ ಸಣ್ಣದಕ್ಕೆ ನಮ್ಮ ಕೊಡಗಿನ ಕ್ವಾರಿಗಳಲ್ಲಿ ಕಾಣುವ ಜಾಕ್‌ಹ್ಯಾಮರ್ ಇದೆ. ಟ್ರ್ಯಾಕ್ಟರ್‌ಗೆ ಕಂಪ್ರೆಸರ್ ಕಟ್ಟಿ, 32ರಿಂದ 34 ಮಿಲಿಮೀಟರ್ ತೂತು ಹೊಡೆಯುತ್ತಾರೆ.

ಈಗ ಬರುವ ದೊಡ್ಡ ಡ್ರಿಲ್‌ಗಳಲ್ಲಿ ಎರಡೂ ಕೆಲಸ ಮಾಡುವ ಮಾದರಿಗಳಿವೆ. ಹೆಚ್ಚು ಒತ್ತಡದ ಕಂಪ್ರೆಸರ್ ಇರುವ ಮೆಷಿನ್ ತೆಗೆದುಕೊಂಡರೆ ಮೆತ್ತಗಿರುವ ಕಡೆ ಟ್ರೈಕೋನ್, ಗಟ್ಟಿ ಕಡೆ ಸುತ್ತಿಗೆ ಹಾಕಿ ಓಡಿಸಬಹುದು. ಅದಿರಿನ ನಡುವೆ ಪದರ ಪದರವಾಗಿ ಗಟ್ಟಿ ಕಲ್ಲು ಸಿಗುವ ಗಣಿಗೆ ಇದು ತುಂಬ ಅನುಕೂಲ.

ಅಷ್ಟು ದಪ್ಪ ತೂತು ಯಾಕೆ ಬೇಕು?

ಲೆಕ್ಕ ಹಾಕಿ ನೋಡಿ. ಜಾಕ್‌ಹ್ಯಾಮರ್ ತೂತುಗಳನ್ನು ಒಂದು ಮೀಟರ್ ಆಚೀಚೆ ಅಂತರದಲ್ಲಿ, ಒಂದೂವರೆ ಮೀಟರ್ ಆಳಕ್ಕೆ ಹೊಡೆದರೆ ಒಂದು ತೂತಿನ ಪಾಲಿಗೆ ಬರುವ ಕಲ್ಲು ಎರಡು ಘನ ಮೀಟರ್ ಒಳಗೇ. 250 ಮಿಲಿಮೀಟರ್ ತೂತನ್ನು ಆರೂವರೆ ಮೀಟರ್, ಏಳೂವರೆ ಮೀಟರ್ ಅಂತರದಲ್ಲಿ ಹತ್ತು ಮೀಟರ್ ಬೆಂಚಿಗೆ (ಗಣಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದ ಒಂದು ಹಂತಕ್ಕೆ) ಕೊರೆದರೆ ಒಂದೇ ತೂತಿಗೆ 480 ಘನ ಮೀಟರ್ ದಾಟುತ್ತದೆ. ಕಬ್ಬಿಣದ ಅದಿರಾದರೆ ಸಾವಿರದೈನೂರು ಟನ್ ಮೇಲೆ. ಕಲ್ಲು ಬಾಚಿ ತುಂಬುವ ದೊಡ್ಡ ಶವೆಲ್, ನೂರು ಟನ್ ಡಂಪರ್ ಇರುವ ಗಣಿಗೆ ಸಣ್ಣ ತೂತಿನಿಂದ ಕಲ್ಲು ಒದಗಿಸುವುದು ಆಗದ ಮಾತು.

ಆದರೆ ದಪ್ಪವಾದಷ್ಟೂ ಒಳ್ಳೆಯದು ಅಂತಲ್ಲ. ತೂತು ದಪ್ಪವಾದರೆ ಅಂತರ ಜಾಸ್ತಿ. ಅಂತರ ಜಾಸ್ತಿಯಾದರೆ ಬಿರುಕುಬಿಟ್ಟ ಬಂಡೆಯಲ್ಲಿ ದೊಡ್ಡ ದೊಡ್ಡ ಗುಂಡುಗಳು ಉಳಿದುಬಿಡುತ್ತವೆ. ಅವನ್ನು ಮತ್ತೆ ಬ್ರೇಕರ್ ಹಾಕಿ ಒಡೆಯಬೇಕು. ಇತ್ತೀಚೆಗೆ ಬಹಳ ಗಣಿಗಳು ಬರೀ ಕೊರೆಯುವ ಖರ್ಚು ನೋಡುವುದನ್ನು ಬಿಟ್ಟು, ಕ್ರಷರ್‌ವರೆಗಿನ ಖರ್ಚು ಸೇರಿಸಿ ಲೆಕ್ಕ ಹಾಕುತ್ತಿವೆ. ನನಗೆ ಇದು ಸರಿಯಾದ ದಾರಿ ಅನ್ನಿಸುತ್ತದೆ. ಡ್ರಿಲ್‌ನಲ್ಲಿ ಉಳಿಸಿದ ನೂರು ರೂಪಾಯಿ ಕ್ರಷರ್‌ನಲ್ಲಿ ಸಾವಿರವಾಗಿ ಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ.

ಈ ಹತ್ತು ಹದಿನೈದು ವರ್ಷಗಳಲ್ಲಿ ಏನು ಬದಲಾಗಿದೆ?

ತುಂಬ ಬದಲಾಗಿದೆ. ಆದರೆ ಬಿಟ್ಟು ಬದಲಾದದ್ದು ಕಮ್ಮಿ. ಉರುಳುವ ಕೋನ್‌ಗಳ ಬಿಟ್ಟಿಗೆ ಅಮೆರಿಕದ ಹೋವರ್ಡ್ ಹ್ಯೂಸ್ ಸೀನಿಯರ್ ಪೇಟೆಂಟ್ ಪಡೆದದ್ದು 1909ರಲ್ಲಿ, ಎಣ್ಣೆ ಬಾವಿಗಾಗಿ. ಆಗ ಎರಡೇ ಕೋನ್. 1933ರಲ್ಲಿ ಅದೇ ಕಂಪನಿಯವರು ಮೂರು ಕೋನ್ ಮಾಡಿದರು. 1951ರಲ್ಲಿ ಕಾರ್ಬೈಡ್ ಗುಂಡಿಗಳು ಬಂದವು. ಗಟ್ಟಿ ಬಂಡೆಗೆ ರೋಟರಿ ಬಂದದ್ದು ಆ ಗುಂಡಿಗಳಿಂದಲೇ. ಅಲ್ಲಿಂದ ಇಲ್ಲಿಗೆ ಉಕ್ಕು, ಬೇರಿಂಗ್, ಸೀಲ್ ಎಲ್ಲ ಸುಧಾರಿಸಿವೆ, ಮೂಲ ಮಾತ್ರ ಅದೇ.

ಬದಲಾದದ್ದು ತೂತು ಎಲ್ಲಿ ಬೀಳಬೇಕು, ಎಷ್ಟು ಆಳ ಇಳಿಯಬೇಕು ಅನ್ನುವುದನ್ನು ನೋಡಿಕೊಳ್ಳುವ ರೀತಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ನನ್ನದೇ ಒಂದು ತಪ್ಪಿದೆ.

ನಾನು ಆಪರೇಟರ್ ಆದ ಹೊಸತರಲ್ಲಿ ಸರ್ವೆಯವರು ಬೆಂಚಿನ ಮೇಲೆ ಸುಣ್ಣ ಹಾಕಿ, ಕಲ್ಲಿಟ್ಟು ಗುರುತು ಮಾಡುತ್ತಿದ್ದರು. ಒಂದು ರಾತ್ರಿ ಪಾಳಿಯಲ್ಲಿ ಡೋಜರ್ ಓಡಾಡಿ ಒಂದು ಸಾಲಿನ ಗುರುತು ಅಳಿಸಿತ್ತು. ಪಕ್ಕದ ಸಾಲು ನೋಡಿಕೊಂಡು ಅಂದಾಜಿನಲ್ಲಿ ಕೊರೆದೆ. ನಾಲ್ಕು ತೂತು ಒಂದು ಮೀಟರ್‌ಗಿಂತ ಜಾಸ್ತಿ ಹಿಂದಕ್ಕೆ ಹೋಗಿದ್ದವು. ಒಂದರ ಬಾಯಿಯ ಪುಡಿ ಜಾರಿ ಒಳಗೆ ಬಿದ್ದು ಆಳವೂ ಕಮ್ಮಿಯಾಗಿತ್ತು. ರಾಡು ಪೂರ್ತಿ ಇಳಿದಿದೆ ಅಂತ ಮೀಟರ್ ನೋಡಿ ಬರೆದೆ, ಟೇಪ್ ಬಿಡಲಿಲ್ಲ. ಬ್ಲಾಸ್ಟ್ ಆದ ಮೇಲೆ ಬೆಂಚಿನ ಬುಡದಲ್ಲಿ ಒಡೆಯದ ಕಲ್ಲು ಮೊಣಕಾಲೆತ್ತರಕ್ಕೆ ಉಳಿಯಿತು. ಅದಕ್ಕೆ ಟೋ ಅನ್ನುತ್ತೇವೆ. ಶವೆಲ್ ಆಪರೇಟರ್ ಎರಡು ದಿನ ಅದರ ಜೊತೆ ಗುದ್ದಾಡಿದರು, ಬಕೆಟ್ಟಿನ ಹಲ್ಲು ಮುರಿಯಿತು. ಅವರು ನನಗೆ ಒಂದು ಮಾತೂ ಬೈಯಲಿಲ್ಲ. ಕರೆದುಕೊಂಡು ಹೋಗಿ ಆ ಬುಡ ತೋರಿಸಿದರು. ಆ ಕಲ್ಲು ಇವತ್ತಿಗೂ ಕಣ್ಣ ಮುಂದಿದೆ.

ಈಗ ಮಾಸ್ಟ್ ಮೇಲೆ ಉಪಗ್ರಹದ ಆಂಟೆನಾ ಇರುತ್ತದೆ. ಗಣಿಯಲ್ಲೇ ಒಂದು ಬೇಸ್ ಸ್ಟೇಷನ್ ಇಟ್ಟು ತಿದ್ದುಪಡಿ ಕಳಿಸುವುದರಿಂದ ಕೆಲವೇ ಸೆಂಟಿಮೀಟರ್ ಅಂತರದಲ್ಲಿ ಜಾಗ ಸಿಗುತ್ತದೆ. ಆಫೀಸಿನಲ್ಲಿ ಬರೆದ ನಕ್ಷೆ ಸೀದಾ ಕ್ಯಾಬಿನ್ನಿನ ಪರದೆಗೆ ಬರುತ್ತದೆ. ತೂತಿನ ಮೇಲೆ ಬಿಟ್ಟು ಬಂದಾಗ ಗುರುತು ಹಸಿರಾಗುತ್ತದೆ. ಬೆಂಚಿನ ಮೈ ಏರುತಗ್ಗಾಗಿದ್ದರೆ ಪ್ರತಿ ತೂತಿಗೂ ಎಷ್ಟು ಆಳ ಅಂತ ಅದೇ ಲೆಕ್ಕ ಹಾಕಿ, ಎಲ್ಲ ತೂತಿನ ತಳವನ್ನೂ ಒಂದೇ ಮಟ್ಟಕ್ಕೆ ತಂದು ನಿಲ್ಲಿಸುತ್ತದೆ. ಸುಣ್ಣ ಬೇಡ, ಕಲ್ಲು ಬೇಡ, ಕತ್ತಲಲ್ಲಿ ಬೆಂಚಿನ ಅಂಚಿನಲ್ಲಿ ಗುರುತು ಹಾಕುತ್ತಾ ನಡೆಯುವ ಹುಡುಗನೂ ಬೇಡ. ಬಂದಿರುವ ಬದಲಾವಣೆಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಬೆಲೆಯದ್ದು ಇದೇ.

ಆಪರೇಟರ್ ಇಲ್ಲದೆ ತಾನೇ ಕೊರೆಯುವ ಡ್ರಿಲ್ ಇದೆಯಂತೆ, ನಿಜಾನಾ?

ನಿಜ. ಆಸ್ಟ್ರೇಲಿಯಾದ ಪಶ್ಚಿಮದಲ್ಲಿ ಪಿಲ್ಬರಾ ಅಂತ ಕಬ್ಬಿಣದ ಅದಿರಿನ ಸೀಮೆ ಇದೆ. ಅಲ್ಲಿ ರಿಯೋ ಟಿಂಟೊ, ಬಿಎಚ್‌ಪಿ ಎರಡೂ ಕಂಪನಿಗಳ ಗಣಿಗಳಲ್ಲಿ ಕ್ಯಾಬಿನ್‌ನಲ್ಲಿ ಯಾರೂ ಇಲ್ಲದೆ ಡ್ರಿಲ್ ಓಡುತ್ತವೆ. ರಿಯೋ ಟಿಂಟೊದವರು 2010ರಲ್ಲಿ ಪರ್ತ್ ನಗರದಲ್ಲಿ ಗಣಿಗಳ ಕೆಲಸವನ್ನು ದೂರದಿಂದಲೇ ನಡೆಸುವ ಒಂದು ಕೇಂದ್ರ ತೆರೆದರು. ಗಣಿಗಳು ಅಲ್ಲಿಂದ ಸುಮಾರು 1,500 ಕಿಲೋಮೀಟರ್ ದೂರ. ಮಡಿಕೇರಿಯಿಂದ ಗ್ವಾಲಿಯರ್‌ಗೆ ನೇರ ಗೆರೆ ಎಳೆದರೆ ಹೆಚ್ಚುಕಮ್ಮಿ ಅಷ್ಟಾಗುತ್ತದೆ. ಸ್ವೀಡನ್ನಿನ ಉತ್ತರದಲ್ಲಿರುವ ಐಟಿಕ್ ತಾಮ್ರದ ಗಣಿಯಲ್ಲೂ ದೊಡ್ಡ ಡ್ರಿಲ್‌ಗಳಿಗೆ ಆಟೊಮೇಷನ್ ಹಾಕಿದ್ದಾರೆ.

ಇದು ಒಮ್ಮೆಗೇ ಬಂದದ್ದಲ್ಲ. ಮೊದಲು ಜಾಕ್ ಇಳಿಸಿ ತಾನೇ ಲೆವೆಲ್ ಆಗುವುದು ಬಂತು. ಆಮೇಲೆ ಒಂದು ತೂತನ್ನು ಶುರುವಿನಿಂದ ಕೊನೆವರೆಗೆ ತಾನೇ ಕೊರೆಯುವುದು. ಆಮೇಲೆ ದೂರದ ಕುರ್ಚಿಯಿಂದ ಓಡಿಸುವುದು. ಕೊನೆಗೆ ಒಂದು ತೂತಿನಿಂದ ಇನ್ನೊಂದು ತೂತಿಗೆ ತಾನೇ ನಡೆದು ಹೋಗುವುದು. ಒಬ್ಬರು ಪರದೆಗಳ ಮುಂದೆ ಕೂತು ಮೂರು ನಾಲ್ಕು ಡ್ರಿಲ್ ನೋಡಿಕೊಳ್ಳುತ್ತಾರೆ. ಲಾಭ ಬರೀ ಕೂಲಿಯದ್ದಲ್ಲ. ಪಾಳಿ ಬದಲಾಗುವಾಗ, ಊಟದ ಹೊತ್ತಿನಲ್ಲಿ ಮೆಷಿನ್ ನಿಲ್ಲುವುದಿಲ್ಲ. ಬೆಂಚಿನ ಅಂಚಿನ ಸಾಲು ಕೊರೆಯುವಾಗ ಅಂಚು ಕುಸಿದರೆ ಒಳಗೆ ಮನುಷ್ಯ ಇರುವುದಿಲ್ಲ. ನನಗೆ ಎರಡನೆಯದೇ ಮುಖ್ಯ.

ನಮ್ಮ ರಾಜ್ಯದ ಗಣಿಗಳಿಗೆ ಪೂರ್ತಿ ಆಟೊಮೇಷನ್ ಬೇಗ ಬರುತ್ತದೆ ಅಂತ ನನಗನ್ನಿಸುವುದಿಲ್ಲ. ಪಿಲ್ಬರಾದಲ್ಲಿ ಬೆಂಚುಗಳು ಬಯಲಿನ ಹಾಗೆ ಹರಡಿವೆ. ಸಂಡೂರಿನ ಗುಡ್ಡಗಳಲ್ಲಿ ಬೆಂಚು ಇಕ್ಕಟ್ಟು, ಓಡಾಟ ಜಾಸ್ತಿ. ಆದರೆ ತಾನೇ ಲೆವೆಲ್ ಆಗುವುದು, ತಾನೇ ಕೊರೆಯುವುದು, ಉಪಗ್ರಹದ ಗುರುತು, ಇಷ್ಟಂತೂ ಎಲ್ಲ ಕಡೆ ಮಾಮೂಲಿ ಆಗಲೇಬೇಕು.

ಕೊರೆಯುವಾಗಲೇ ಬಂಡೆ ಎಂಥದ್ದು ಅಂತ ಮೆಷಿನ್ ಹೇಳುತ್ತದಂತೆ?

ಹೌದು, ಅದಕ್ಕೆ ಎಂಡಬ್ಲ್ಯುಡಿ ಅನ್ನುತ್ತಾರೆ, ಅಂದರೆ ಕೊರೆಯುತ್ತಲೇ ಅಳೆಯುವುದು. ಪ್ರತಿ ಕೆಲವು ಸೆಂಟಿಮೀಟರಿಗೂ ಇಳಿಯುವ ವೇಗ, ತಿರುಗಿಸಲು ಬೇಕಾದ ಬಲ, ಒತ್ತಿದ ಭಾರ, ಗಾಳಿಯ ಒತ್ತಡ ದಾಖಲಾಗುತ್ತದೆ. ಒಂದೇ ಭಾರಕ್ಕೆ ವೇಗ ಕಮ್ಮಿಯಾದರೆ ಕಲ್ಲು ಗಟ್ಟಿ. ಏಕಾಏಕಿ ಇಳಿದು ಗಾಳಿಯ ಒತ್ತಡ ಬಿದ್ದರೆ ಅಲ್ಲಿ ಬಿರುಕು ಅಥವಾ ಟೊಳ್ಳು. ಇದನ್ನೆಲ್ಲ ಸೇರಿಸಿ ಬೆಂಚಿನ ಒಳಗಿನ ನಕ್ಷೆ ಬರೆಯಬಹುದು. ಗಟ್ಟಿ ಇರುವ ಕಡೆ ಸ್ಫೋಟಕ ಜಾಸ್ತಿ, ಮೆತ್ತಗಿರುವ ಕಡೆ ಕಮ್ಮಿ. ಟೊಳ್ಳು ಸಿಕ್ಕ ತೂತಿಗೆ ಕಣ್ಣು ಮುಚ್ಚಿ ತುಂಬಿದರೆ ಮದ್ದು ಅಲ್ಲೇ ಗುಡ್ಡೆಯಾಗಿ, ಕಲ್ಲು ಎಲ್ಲಿಗೋ ಹಾರುತ್ತದೆ. ಮೊದಲೇ ಗೊತ್ತಾದರೆ ಆ ಭಾಗಕ್ಕೆ ಮಣ್ಣು ತುಂಬಿ ಬಿಡಬಹುದು.

ಅಂದರೆ ಹಳೇ ಆಪರೇಟರ್‌ಗಳ ಅನುಭವಕ್ಕೆ ಬೆಲೆ ಇಲ್ವಾ?

ಖಂಡಿತ ಇದೆ. ನಮ್ಮ ಹಳೆಯ ಮೇಸ್ತ್ರಿ ಒಬ್ಬರಿದ್ದರು. ತೂತು ಮುಗಿದು ಬಿಟ್ಟು ಮೇಲೆ ಬಂದ ತಕ್ಷಣ ಮೆಷಿನ್ ನಿಲ್ಲಿಸಿ, ಲಾಕ್ ಮಾಡಿ, ಮೂರು ಕೋನ್‌ಗಳ ಹತ್ತಿರ ಒಂದೊಂದಾಗಿ ಅಂಗೈ ಹಿಂಭಾಗ ತರುತ್ತಿದ್ದರು. ಮುಟ್ಟುತ್ತಿರಲಿಲ್ಲ. ಎರಡು ಕೋನ್ ಬೆಚ್ಚಗಿದ್ದು ಒಂದು ಸುಡುತ್ತಿದ್ದರೆ ಆ ಕಡೆಯ ಗಾಳಿ ದಾರಿ ಕಟ್ಟಿದೆ, ಇಲ್ಲವೇ ಬೇರಿಂಗ್ ಹೋಗುತ್ತಿದೆ. ಹಾಗೇ ಓಡಿಸಿದರೆ ಕೋನ್ ಕಳಚಿ ತೂತಿನಲ್ಲೇ ಉಳಿಯುತ್ತದೆ. ಆ ಉಕ್ಕು ಆಮೇಲೆ ಅದಿರಿನ ಜೊತೆ ಕ್ರಷರ್‌ಗೆ ಹೋದರೆ ಕಥೆ ಮುಗಿಯಿತು.

ಅವರೇ ಕಲಿಸಿದ್ದು ಪುಡಿ ನೋಡುವುದನ್ನು. ತೂತಿನ ಬಾಯಿ ಸುತ್ತ ಇರುವೆ ಗೂಡಿನ ಹಾಗೆ ಪುಡಿ ಗುಡ್ಡೆಯಾಗುತ್ತದೆ. 250 ಮಿಲಿಮೀಟರ್ ತೂತು ಹನ್ನೊಂದು ಮೀಟರ್ ಇಳಿದರೆ ಸುಮಾರು ಎರಡು ಟನ್ ಪುಡಿ. ಒಂದು ಹಿಡಿ ತೆಗೆದು ಬೆರಳಲ್ಲಿ ಉಜ್ಜಬೇಕು. ಚಕ್ಕೆ ಚಕ್ಕೆಯಾಗಿ ಸಿಕ್ಕರೆ ಬಿಟ್ಟು ಚೆನ್ನಾಗಿ ಕಚ್ಚುತ್ತಿದೆ. ಗೋಧಿ ಹಿಟ್ಟಿನ ಹಾಗಿದ್ದರೆ ಗಾಳಿ ಸಾಲದು, ಇಲ್ಲವೇ ಬಿಟ್ಟು ಸವೆದಿದೆ. ಬಣ್ಣ ಕೆಂಪಿನಿಂದ ಬೂದಿಗೆ ತಿರುಗಿ ಮೆಷಿನ್ ಗಡಗಡ ಅಂದರೆ ಅದಿರು ಮುಗಿದು ಬಿಎಚ್‌ಕ್ಯೂ ಕಲ್ಲು ಬಂತು ಅಂತ. ಅದು ಕಬ್ಬಿಣ ಮತ್ತು ಬೆಣಚು ಪಟ್ಟೆಪಟ್ಟೆಯಾಗಿ ಸೇರಿದ ಕಲ್ಲು. ಬಿಟ್ಟನ್ನು ಅರಗಿಸಿಬಿಡುತ್ತದೆ. ಆಗ ತಿರುಗುವ ವೇಗ ಇಳಿಸಬೇಕು, ಭಾರ ಏರಿಸಬೇಕು. ಈಗಿನ ಸಾಫ್ಟ್‌ವೇರ್ ಅದನ್ನೇ ಸೆನ್ಸರ್‌ನಿಂದ ಮಾಡುತ್ತದೆ. ಪರದೆ ತೋರಿಸುವ ಗೆರೆ ಯಾಕೆ ಹಾಗೆ ಏರಿತು ಅಂತ ತಿಳಿಯುವುದು ಮಾತ್ರ ಪುಡಿ ಮುಟ್ಟಿದವರಿಗೆ.

ಡೀಸೆಲ್ ಬಿಟ್ಟು ಕರೆಂಟ್ ಡ್ರಿಲ್ ಬರ್ತಿದೆಯಂತೆ?

ಕರೆಂಟಿನ ದೊಡ್ಡ ಡ್ರಿಲ್ ಹೊಸತೇನಲ್ಲ. ತುಂಬ ದೊಡ್ಡ ಗಣಿಗಳಲ್ಲಿ ದಪ್ಪ ಕೇಬಲ್ ಎಳೆದುಕೊಂಡು ಓಡುವ ಡ್ರಿಲ್‌ಗಳು ದಶಕಗಳಿಂದ ಇವೆ. ಪಿ ಆಂಡ್ ಎಚ್ 320 ಎಕ್ಸ್‌ಪಿಸಿ, ಕ್ಯಾಟರ್‌ಪಿಲ್ಲರ್ ಎಂಡಿ6640 ಎರಡೂ ಕರೆಂಟಿನವೇ. ಹೊಸತೆಂದರೆ ಮಧ್ಯಮ ಗಾತ್ರದ ಡ್ರಿಲ್‌ಗಳಿಗೂ ಅದು ಬರುತ್ತಿರುವುದು. ಹೊಗೆ ಇಲ್ಲ, ಸದ್ದು ಕಮ್ಮಿ, ಇಂಜಿನ್ ಓವರ್‌ಹಾಲ್ ಇಲ್ಲ. ತೊಂದರೆ ಕೇಬಲ್‌ನದ್ದು. ಬೆಂಚಿನಿಂದ ಬೆಂಚಿಗೆ ಹೋಗುವಾಗ ಕಳಚಿ ಜೋಡಿಸಬೇಕು, ಬ್ಲಾಸ್ಟ್ ಮುಂಚೆ ಪಕ್ಕಕ್ಕೆ ಎಳೆಯಬೇಕು. ಹಾಗಾಗಿ ಬ್ಯಾಟರಿಯ ಪ್ರಯತ್ನಗಳೂ ನಡೆಯುತ್ತಿವೆ.

ಡೀಸೆಲ್ ಡ್ರಿಲ್‌ನಲ್ಲೂ ಉಳಿತಾಯ ಬಂದಿದೆ. ಇಂಜಿನ್ ಶಕ್ತಿಯ ದೊಡ್ಡ ಪಾಲು ತಿನ್ನುವುದು ಕಂಪ್ರೆಸರ್. ಮೊದಲು ಮೆಷಿನ್ ಜಾಗ ಬದಲಾಯಿಸುವಾಗಲೂ ಅದು ಸುಮ್ನೆ ಸುತ್ತುತ್ತಿತ್ತು. ಈಗ ಕ್ಲಚ್ ಹಾಕಿ ಬೇಡದಾಗ ಬಿಡಿಸುತ್ತಾರೆ, ಬೇಕಾದಷ್ಟೇ ಗಾಳಿ ಕೊಡುತ್ತಾರೆ.

ಯಾವ ಕಂಪನಿಗಳು ಮಾಡುತ್ತವೆ?

ಎಪಿರಾಕ್, ಸ್ಯಾಂಡ್‌ವಿಕ್, ಕ್ಯಾಟರ್‌ಪಿಲ್ಲರ್, ಕೊಮಾಟ್ಸು ದೊಡ್ಡವು. ಹೆಸರುಗಳು ಗೊಂದಲ ಮಾಡುತ್ತವೆ. ಹಳಬರು ಇಂಗರ್‌ಸಾಲ್ ರ್‍ಯಾಂಡ್ ಅನ್ನುತ್ತಿದ್ದ ಡ್ರಿಲ್ ವಿಭಾಗವನ್ನು 2004ರಲ್ಲಿ ಅಟ್ಲಾಸ್ ಕಾಪ್ಕೊ ಕೊಂಡಿತು, ಅದರಿಂದ 2018ರಲ್ಲಿ ಎಪಿರಾಕ್ ಬೇರೆಯಾಯಿತು. ಬುಸೈರಸ್ 2011ರಲ್ಲಿ ಕ್ಯಾಟರ್‌ಪಿಲ್ಲರ್ ಪಾಲಾಯಿತು, ಪಿ ಆಂಡ್ ಎಚ್ ಇದ್ದ ಜಾಯ್ ಗ್ಲೋಬಲ್ 2017ರಲ್ಲಿ ಕೊಮಾಟ್ಸು ಪಾಲಾಯಿತು. ನಮ್ಮ ದೇಶದಲ್ಲಿ ಕೊಯಮತ್ತೂರಿನ ರೇವತಿ ಕಂಪನಿ ಬ್ಲಾಸ್ಟ್‌ಹೋಲ್ ಡ್ರಿಲ್ ತಯಾರಿಸುತ್ತದೆ.

ಧೂಳು ಕುಡಿದು ಶ್ವಾಸಕೋಶ ಹಾಳಾಗಲ್ವಾ?

ಈ ಪ್ರಶ್ನೆಯನ್ನು ಅಮ್ಮಂದಿರು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಬೆಣಚು ಇರುವ ಕಲ್ಲಿನ ಸಣ್ಣ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ಆಗುತ್ತದೆ. ಬಂದ ಮೇಲೆ ವಾಸಿ ಇಲ್ಲ. ಕಾನೂನಿನಲ್ಲಿ ಅದು ಅಧಿಸೂಚಿತ ಕಾಯಿಲೆ, ಅಂದರೆ ಬಂದರೆ ಸರ್ಕಾರಕ್ಕೆ ತಿಳಿಸಲೇಬೇಕಾದದ್ದು.

ದೊಡ್ಡ ರೋಟರಿ ಡ್ರಿಲ್‌ನ ಆಪರೇಟರ್ ಮುಚ್ಚಿದ ಎಸಿ ಕ್ಯಾಬಿನ್‌ನಲ್ಲಿ ಇರುತ್ತಾನೆ. ತೂತಿನ ಸುತ್ತ ರಬ್ಬರ್ ಪರದೆ ಇರುತ್ತದೆ, ಒಳಗಿನ ಧೂಳನ್ನು ಫ್ಯಾನ್ ಎಳೆದು ಫಿಲ್ಟರ್‌ಗೆ ಕಳಿಸುತ್ತದೆ. ಇಲ್ಲವಾದರೆ ಗಾಳಿಯ ಜೊತೆ ಸ್ವಲ್ಪ ನೀರು ಬಿಡುತ್ತಾರೆ. ನೀರು ಜಾಸ್ತಿಯಾದರೆ ಟ್ರೈಕೋನ್ ಬೇರಿಂಗ್ ಬೇಗ ಹೋಗುತ್ತದೆ ಅಂತ ಕೆಲವರು ನೀರು ಬಂದ್ ಮಾಡುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ. ಬಿಟ್ಟು ಹೋದರೆ ಇನ್ನೊಂದು ತರಬಹುದು.

ನನಗೆ ನಿಜವಾಗಿ ಸಂಕಟ ಆಗುವುದು ನಮ್ಮ ಸಣ್ಣ ಕ್ವಾರಿಗಳ ಜಾಕ್‌ಹ್ಯಾಮರ್ ಹುಡುಗರನ್ನು ನೋಡಿದಾಗ. ನೀರಿಲ್ಲ, ಬಾಯಿಗೆ ಒಂದು ಟವೆಲ್, ಕಿವಿಗೆ ಏನೂ ಇಲ್ಲ. ಆ ಸದ್ದು 100 ಡೆಸಿಬಲ್ ದಾಟುತ್ತದೆ. ಆಸ್ಟ್ರೇಲಿಯಾದ ಯಂತ್ರದ ಕಥೆ ಕೇಳುವ ಮೊದಲು ಇವರಿಗೆ ಒಳ್ಳೆಯ ಮಾಸ್ಕ್, ಕಿವಿಗೆ ಮಫ್, ತೂತಿಗೆ ನೀರು ಕೊಡಿಸಿ ಅಂತ ಕ್ವಾರಿ ಮಾಲೀಕರನ್ನು ಎಷ್ಟು ಸಲ ಕೇಳಿಕೊಂಡಿದ್ದೇನೋ. ಕೆಲವರು ಮಾಡಿದ್ದಾರೆ.

ಕೊಡಗಿಗೆ ಇಂಥ ಡ್ರಿಲ್ ಬರುತ್ತಾ?

ಬರಬಾರದು ಅನ್ನುವುದು ನನ್ನ ಅಭಿಪ್ರಾಯ. ನಮ್ಮ ಬಂಡೆ ತೀರ ಹಳೆಯದು, 300 ಕೋಟಿ ವರ್ಷಕ್ಕೂ ಹಿಂದಿನ ಚಾರ್ನೊಕೈಟ್, ನೈಸ್ ಕಲ್ಲುಗಳು. ಕಟ್ಟಡಕ್ಕೆ, ಜಲ್ಲಿಗೆ ಒಳ್ಳೆಯದು. ಆದರೆ ಮೇಲೆ ದಪ್ಪ ಮಣ್ಣಿನ ಪದರ, ಕಡಿದಾದ ಇಳಿಜಾರು, ಕಾವೇರಿ ಹುಟ್ಟುವ ಜಾಗ, ಮೂರು ಅಭಯಾರಣ್ಯ. 250 ಮಿಲಿಮೀಟರ್ ತೂತಿಗೆ ಒಂದು ಮೀಟರಿಗೆ 40 ಕೆಜಿ ಮೇಲೆ ಸ್ಫೋಟಕ ಹಿಡಿಯುತ್ತದೆ. ಏಳು ಮೀಟರ್ ತುಂಬಿದರೆ ಒಂದೇ ತೂತಿನಲ್ಲಿ ಹೆಚ್ಚುಕಮ್ಮಿ 290 ಕೆಜಿ. ಕ್ವಾರಿಯ ಸಣ್ಣ ತೂತಿನಲ್ಲಿ ಅರ್ಧ ಕೆಜಿ ಆಸುಪಾಸು. ಊರಿನ ಮಗ್ಗುಲಲ್ಲಿ, ತೋಟದ ಮಗ್ಗುಲಲ್ಲಿ ಈ ಅಳತೆ ಸಲ್ಲುವುದಿಲ್ಲ. ಪಶ್ಚಿಮ ಘಟ್ಟದಲ್ಲೇ ಇದ್ದ ಕುದುರೆಮುಖದ ಗಣಿ ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಕೊನೆಗೆ ನಿಂತಿತು. ನಾನು ಗಣಿಯ ಅನ್ನ ತಿಂದವನೇ. ಆದರೂ ಅದು ನಿಂತದ್ದು ಸರಿ ಅಂತಲೇ ಹೇಳುತ್ತೇನೆ.

ಪಕ್ಕದ ಕ್ವಾರಿಯ ಬ್ಲಾಸ್ಟಿಂಗ್‌ನಿಂದ ನಮ್ಮ ಮನೆ ಬಿರುಕು ಬಿಟ್ಟಿದೆ. 2018ರ ಭೂಕುಸಿತಕ್ಕೂ ಅದೇ ಕಾರಣನಾ?

ಎರಡನ್ನೂ ಬೇರೆ ಬೇರೆ ನೋಡಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದ್ದಕ್ಕೆ ಮುಖ್ಯ ಕಾರಣ ಬಿಡದೆ ಸುರಿದ ಮಳೆ, ರಸ್ತೆಗೆ, ಮನೆಗೆ ಅಂತ ಇಳಿಜಾರು ಕಡಿದದ್ದು, ನೀರು ಹೋಗುವ ದಾರಿ ಮುಚ್ಚಿದ್ದು. ಆ ವರ್ಷ ಜುಲೈಯಲ್ಲಿ, ಆಮೇಲೆ 2022ರ ಜೂನ್‌ನಲ್ಲಿ ಚೆಂಬು, ಸಂಪಾಜೆ, ಕರಿಕೆ ಕಡೆ ಭೂಮಿ ನಡುಗಿದಾಗ ಬಹಳ ಜನ ಕ್ವಾರಿ ಅಂದುಕೊಂಡರು. ಅವು ಭೂಕಂಪನಗಳು, ಕ್ವಾರಿಯವಲ್ಲ.

ಮನೆ ಬಿರುಕಿನ ವಿಷಯಕ್ಕೆ ಅಳತೆ ಇದೆ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯ, ಅಂದರೆ ಡಿಜಿಎಂಎಸ್, 1997ರಲ್ಲಿ ಕಂಪನದ ಮಿತಿ ಹಾಕಿದೆ. ಗಣಿ ಮಾಲೀಕರದ್ದಲ್ಲದ ವಾಸದ ಮನೆಗೆ, ಕಂಪನ 8 ಹರ್ಟ್ಸ್‌ಗಿಂತ (ಸೆಕೆಂಡಿಗೆ ಎಂಟು ಸಲ ನಡುಗುವುದು) ಕೆಳಗಿದ್ದರೆ ನೆಲ ಅಲುಗುವ ವೇಗ ಹೆಚ್ಚೆಂದರೆ ಸೆಕೆಂಡಿಗೆ 5 ಮಿಲಿಮೀಟರ್, 8ರಿಂದ 25 ಹರ್ಟ್ಸ್ ಇದ್ದರೆ 10, ಅದಕ್ಕೂ ಮೇಲಾದರೆ 15. ಇದನ್ನು ಅಳೆಯುವ ಉಪಕರಣ ಇದೆ, ಮನೆಯ ಅಡಿಪಾಯದ ಪಕ್ಕ ನೆಲದಲ್ಲಿ ಇಡುತ್ತಾರೆ. ಸುಮ್ನೆ ಜಗಳ ಮಾಡುವ ಬದಲು ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಬರೆದು ಅಳತೆ ಮಾಡಿಸಿ ಅಂತ ಕೇಳಿ. ಬ್ಲಾಸ್ಟ್ ಆದ ದಿನ, ಹೊತ್ತು ಬರೆದಿಡಿ. ಬಿರುಕಿನ ಎರಡು ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಹಾಕಿ, ಫೋಟೊ ತೆಗೆಯಿರಿ.

ಕಂಪನ ಹೆಚ್ಚುವುದು ಒಟ್ಟು ಎಷ್ಟು ಮದ್ದು ಹಾಕಿದರು ಅನ್ನುವುದಕ್ಕಿಂತ, ಒಂದೇ ಕ್ಷಣದಲ್ಲಿ ಎಷ್ಟು ಸಿಡಿಯಿತು ಅನ್ನುವುದರಿಂದ. ಎಲೆಕ್ಟ್ರಾನಿಕ್ ಡಿಟೊನೇಟರ್‌ಗಳಲ್ಲಿ ಒಂದೊಂದು ತೂತಿಗೂ ಮಿಲಿಸೆಕೆಂಡ್ ಲೆಕ್ಕದಲ್ಲಿ ಬೇರೆ ಬೇರೆ ಹೊತ್ತು ಕೊಡಬಹುದು. ಆದರೆ ತೂತೇ ಜಾಗ ತಪ್ಪಿದ್ದರೆ ಆ ಲೆಕ್ಕವೂ ತಪ್ಪುತ್ತದೆ.

ಮಳೆಗಾಲದಲ್ಲಿ ಕೊರೆಯುತ್ತಾರಾ?

ಕೊರೆಯುತ್ತಾರೆ, ಆದರೆ ತೂತಿನಲ್ಲಿ ನೀರು ನಿಂತರೆ ಅಗ್ಗದ ಆನ್‌ಫೋ ಹಾಕುವ ಹಾಗಿಲ್ಲ. ಅದು ಅಮೋನಿಯಂ ನೈಟ್ರೇಟ್ ಮತ್ತು ಡೀಸೆಲ್ ಮಿಶ್ರಣ, ನೀರಿನಲ್ಲಿ ಕರಗುತ್ತದೆ. ನೀರು ತಡೆಯುವ ಎಮಲ್ಷನ್ ಸ್ಫೋಟಕ ಬೇಕು. ಭಾಗಮಂಡಲದ ಮಳೆ ನೋಡಿದವರಿಗೆ ಸಂಡೂರಿನ ಮಳೆ ಮಳೆಯೇ ಅಲ್ಲ, ಆದರೂ ಅಲ್ಲೂ ಈ ತಲೆನೋವು ಇದೆ.

ಮಗ ಡಿಪ್ಲೊಮಾ ಮಾಡಿದ್ದಾನೆ. ಈ ಲೈನಿಗೆ ಕಳಿಸಬಹುದಾ?

ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಯಾವುದಾದರೂ ಸರಿ. ಈಗಿನ ಡ್ರಿಲ್‌ಗೆ ಹೈಡ್ರಾಲಿಕ್ಸ್, ಸೆನ್ಸರ್, ನೆಟ್‌ವರ್ಕ್ ಎಲ್ಲ ತಿಳಿದವರು ಬೇಕು. ಐಟಿಐ ಡೀಸೆಲ್ ಮೆಕ್ಯಾನಿಕ್, ಫಿಟ್ಟರ್ ಆದವರಿಗೂ ಜಾಗ ಇದೆ. ಮೈನಿಂಗನ್ನೇ ಓದಬೇಕಾದರೆ ಕೆಜಿಎಫ್‌ನ ಸ್ಕೂಲ್ ಆಫ್ ಮೈನ್ಸ್‌ನಲ್ಲಿ ಡಿಪ್ಲೊಮಾ, ಸುರತ್ಕಲ್ ಎನ್‌ಐಟಿಕೆಯಲ್ಲಿ ಇಂಜಿನಿಯರಿಂಗ್ ಇದೆ. ಕೆಲಸಕ್ಕೆ ಸೇರಿದ ಮೇಲೆ 1966ರ ನಿಯಮದ ಪ್ರಕಾರ ವೃತ್ತಿ ತರಬೇತಿ ಕಡ್ಡಾಯ. ಆಮೇಲೆ ಮೇಟ್, ಬ್ಲಾಸ್ಟರ್, ಫೋರ್‌ಮನ್ ಅಂತ ಡಿಜಿಎಂಎಸ್ ಪರೀಕ್ಷೆಗಳನ್ನು ಒಂದೊಂದಾಗಿ ಬರೆಯಬೇಕು. ಸರ್ಟಿಫಿಕೇಟ್ ಇಲ್ಲದೆ ಹತ್ತು ವರ್ಷ ದುಡಿದರೂ ಹೆಲ್ಪರ್ ಆಗಿಯೇ ಉಳಿದವರನ್ನು ಕಂಡಿದ್ದೇನೆ.

ಒಂದು ಮಾತು ನೆನಪಿರಲಿ. ಬಳ್ಳಾರಿಯಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಎಷ್ಟೋ ಮಂದಿ ಒಂದೇ ವಾರದಲ್ಲಿ ಬರಿಗೈ ಆದರು. ಅಕ್ರಮ ಅಷ್ಟು ಬೆಳೆದಿತ್ತು, ನಿಲ್ಲಿಸಲೇಬೇಕಿತ್ತು. ಆದರೆ ಪೆಟ್ಟು ಬಿದ್ದದ್ದು ಕೂಲಿಯವರಿಗೆ. ಸೇರುವ ಮೊದಲು ಗಣಿಯ ಪರವಾನಗಿ, ಪಿಎಫ್, ವೈದ್ಯಕೀಯ ತಪಾಸಣೆ ಇವೆಯಾ ಅಂತ ವಿಚಾರಿಸಿ.

ಹೆಣ್ಣುಮಕ್ಕಳಿಗೆ ಆಗುತ್ತಾ ಅಣ್ಣಾ?

ಕುಶಾಲನಗರದ ಒಬ್ಬ ಹುಡುಗಿ ಹೀಗೇ ಕೇಳಿದ್ದಳು. ಆಗುತ್ತದಮ್ಮ. 2019ರಿಂದ ತೆರೆದ ಗಣಿಗಳಲ್ಲಿ ಹೆಣ್ಣುಮಕ್ಕಳು ರಾತ್ರಿ ಪಾಳಿಯಲ್ಲೂ ಕೆಲಸ ಮಾಡಬಹುದು, ಅವರ ಲಿಖಿತ ಒಪ್ಪಿಗೆ ಮತ್ತು ಸುರಕ್ಷತೆಯ ಏರ್ಪಾಡು ಇರಬೇಕು. ಮೊದಲು ರಾಡು ಬದಲಾಯಿಸಲು ತೋಳ್ಬಲ ಬೇಕಿತ್ತು. ಈಗ ರಾಡು ತಾನೇ ಜೋಡಿಕೊಳ್ಳುತ್ತದೆ, ಜಾಯ್‌ಸ್ಟಿಕ್ ಹಿಡಿಯುವ ಕೈ ಸ್ಥಿರವಾಗಿದ್ದರೆ ಸಾಕು.

ಹೊಸಬನೊಬ್ಬ ಮೊದಲ ದಿನ ಏನು ಕಲಿಯಬೇಕು?

ಮೂರು ಸಂಗತಿ. ಮೆಷಿನ್ ಹತ್ತುವ ಮೊದಲು ಸುತ್ತ ಒಂದು ಸುತ್ತು ನಡೆದು ನೋಡುವುದು. ಹಿಂದಿನ ಬ್ಲಾಸ್ಟ್‌ನಲ್ಲಿ ಉಳಿದ ಹಳೆಯ ತೂತಿನ ಬುಡದಲ್ಲಿ ಯಾವತ್ತೂ ಕೊರೆಯದಿರುವುದು, ಅಲ್ಲಿ ಸಿಡಿಯದ ಮದ್ದು ಇರಬಹುದು. ಮತ್ತೆ ಪರದೆ ಹನ್ನೊಂದು ಮೀಟರ್ ಅಂತ ತೋರಿಸಿದರೂ ಮೆಷಿನ್ ಪಕ್ಕಕ್ಕೆ ಹೋದ ಮೇಲೆ ತುದಿಗೆ ಭಾರ ಕಟ್ಟಿದ ಟೇಪನ್ನು ತೂತಿಗೆ ಇಳಿಬಿಟ್ಟು, ತಳ ಮುಟ್ಟಿದ ಸದ್ದು ಕೇಳಿ, ಆ ಅಳತೆಯನ್ನೇ ಪುಸ್ತಕದಲ್ಲಿ ಬರೆಯುವುದು.